ಪಂಪಿಗೆ ದುಡ್ಡಿಲ್ಲ, ಬಣ್ಣಕ್ಕಿದೆ

ನಾನು ಎರಡೇ ಬಾಗಿಲಿನ ಒಂದು ಕಾರು. ಹಿಂದೆ ಕೂರಬೇಕಾದವರು ಮುಂದಿನ ಸೀಟನ್ನು ಮಡಚಿ, ಬಗ್ಗಿ, ಗೊಣಗುತ್ತ ಒಳಗೆ ತೂರಬೇಕು. ಕಡಲಾಚೆಯ ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರ ತಲೆಯಲ್ಲಿ ವೇಗ ಒಂದೇ ಇತ್ತು. ದಾವಣಗೆರೆಯ ಬಿಸಿಲು ಅವರಿಗೇನು ಗೊತ್ತು?

ಮೊದಲು ನನ್ನನ್ನು ಕೊಂಡವರು ಬೆಂಗಳೂರಿನ ಗ್ರಾನೈಟ್ ವ್ಯಾಪಾರಿ. ಕೆಲವು ವರ್ಷ ಮುದ್ದಿನಿಂದ ಓಡಿಸಿದರು. ಮೊಮ್ಮಕ್ಕಳು ಹುಟ್ಟಿದ ಮೇಲೆ ಹಿಂದಿನ ಸೀಟಿನ ತಾಪತ್ರಯ ಸಾಕಾಗಿ ದೊಡ್ಡ ಕಾರು ತಂದರು. ನಾನು ನೆಲಮಾಳಿಗೆಯಲ್ಲಿ ನಿಂತೆ. ನಿಂತಲ್ಲೇ ರಬ್ಬರ್ ಪೈಪುಗಳು ಒಣಗಿ ಬಿರುಕುಬಿಟ್ಟವು.

ಅಲ್ಲಿಂದ ನನ್ನನ್ನು ತಂದವನು ದಾವಣಗೆರೆಯ ಫೋಟೋಗ್ರಾಫರ್ ತಿಪ್ಪೇಸ್ವಾಮಿ. ಬಾನೆಟ್ ಎತ್ತಿಯೂ ನೋಡಲಿಲ್ಲ. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳ ಹಿಂದೆ ನಿಲ್ಲಲು ಒಂದು ಚೆಂದದ ಕಾರು ಬೇಕು, ಅಷ್ಟೇ ಅವನ ಲೆಕ್ಕ.

ಆಮೇಲೆ ಶುರುವಾಯಿತು ನೋಡಿ ನನ್ನ ಗೋಳು. ಎರಡೇ ಬಾಗಿಲು, ಹಾಗಾಗಿ ಒಂದೊಂದೂ ಉದ್ದ, ಭಾರ. ಕೀಲು ಸವೆದು ಜೋತುಬಿದ್ದವು, ಮೇಲಕ್ಕೆತ್ತಿ ಹಾಕಬೇಕು. ಕಿಟಕಿಯ ಮೋಟರ್ ಸುಟ್ಟಿತು. ಕ್ಲಚ್ ಜಾರಿತು. ಮೆಕ್ಯಾನಿಕ್ ರುದ್ರೇಶ ಒಂದು ಸಲ ಮೂಲ ರೋಗ ಹೇಳಿದ್ದ: ವಾಟರ್ ಪಂಪ್ ಸೋರುತ್ತಿದೆ, ಇಂಜಿನ್ ಕಾಯುತ್ತದೆ, ಪಂಪನ್ನು ಮುಂಬೈಯಿಂದ ತರಿಸಬೇಕು, ಇಪ್ಪತ್ತೆರಡು ಸಾವಿರ ಆಗುತ್ತದೆ. ಮುಂದಿನ ತಿಂಗಳು ನೋಡೋಣವೆಂದ ತಿಪ್ಪೇಸ್ವಾಮಿ, ಅದೇ ತಿಂಗಳು ಅದರ ಎರಡರಷ್ಟು ಸುರಿದು ನನಗೆ ಕೆಂಪು ಬಣ್ಣ ಹೊಡೆಸಿದ.

"ಫೋಟೋದಾಗೆ ಪಂಪ್ ಕಾಣ್ಸಲ್ಲ ಬಿಡು ರುದ್ರೇಶಣ್ಣ" ಅಂದ.

ಕೆಟ್ಟವನಲ್ಲ ಅವನು. ದಿನಾ ಬೆಳಿಗ್ಗೆ ತಾನೇ ನನ್ನನ್ನು ಒರೆಸುತ್ತಿದ್ದ. ಒರೆಸಿದರೆ ಸೋರುವುದು ನಿಲ್ಲುತ್ತದೆಯೇ?

ಒಂದು ಸಂಜೆ ಚಿತ್ರದುರ್ಗದ ಹತ್ತಿರ, ಗಾಳಿಯಂತ್ರಗಳಿರುವ ಗುಡ್ಡದಲ್ಲಿ ಫೋಟೋ ತೆಗೆಯುವುದಿತ್ತು. ಹುಡುಗಿ ಅನ್ನಪೂರ್ಣ, ಹರಿಹರದಲ್ಲಿ ಪಶುವೈದ್ಯೆ. ಹುಡುಗ ನಿತಿನ್. ನನಗೆ ಒರಗಿ ನಿಂತು ಇಬ್ಬರೂ ನಕ್ಕರು, ಫೋಟೋ ಆಯಿತು. ಅಷ್ಟಕ್ಕೇ ಬಿಡಬಾರದಿತ್ತೇ? ನಿತಿನ್‌ಗೆ ತಾನೇ ಕಾರು ಓಡಿಸುತ್ತ ಗುಡ್ಡ ಹತ್ತುವ ವಿಡಿಯೋ ಬೇಕಿತ್ತು. ಗಿರಾಕಿಗೆ ಇಲ್ಲ ಅನ್ನಲಾಗದೆ ತಿಪ್ಪೇಸ್ವಾಮಿ ಕೀಲಿ ಕೊಟ್ಟು, ಮೇಲಿನ ತಿರುವಿನಲ್ಲಿ ಕ್ಯಾಮೆರಾ ಹಿಡಿದು ನಿಂತ. ಅನ್ನಪೂರ್ಣಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿತಿನ್ ಹತ್ತಿಸಿದ, ಇಳಿಸಿದ, ಮತ್ತೆ ಹತ್ತಿಸಿದ. ನನ್ನ ಒಳಗೆಲ್ಲ ಕುದಿಯತೊಡಗಿತು.

"ಕಾವಿನ ಮುಳ್ಳು ಕೆಂಪಿಗೆ ಬಂತು, ನಿಲ್ಸಿ" ಎಂದಳು ಅನ್ನಪೂರ್ಣ.

"ಸುಮ್ನಿರು. ನಂಗೊತ್ತು."

ತಿರುವು ಮುಟ್ಟುವಷ್ಟರಲ್ಲಿ ನನ್ನ ಬಾಯಿಂದ ಹೊಗೆಯಂತೆ ಹಬೆ ಎದ್ದಿತು. ನಿತಿನ್ ಇಳಿದು ಬಾನೆಟ್ ಮೇಲೆ ಗುದ್ದಿದ. ರೇಡಿಯೇಟರ್ ಮುಚ್ಚಳ ತೆಗೆದು ನೀರು ಹಾಕುವಂತೆ ತಿಪ್ಪೇಸ್ವಾಮಿಗೆ ಹೇಳಿದ. ಆರಲಿ, ಆಮೇಲೆ ತೆಗೆಯೋಣ ಎಂದ ತಿಪ್ಪೇಸ್ವಾಮಿ. ಅನ್ನಪೂರ್ಣಳೂ ಅದನ್ನೇ ಹೇಳಿದಳು.

"ಬೆಳಕು ಹೋಗ್ತಿದೆ. ದುಡ್ಡು ಕೊಟ್ಟಿರೋನು ನಾನು. ತೆಗೀರಿ" ಎಂದ ನಿತಿನ್.

ತಿಪ್ಪೇಸ್ವಾಮಿ ಟವೆಲ್ ಸುತ್ತಿಕೊಂಡು ಮುಚ್ಚಳ ತಿರುವಿದ. ಕುದಿಯುವ ನೀರನ್ನು ನಾನು ತಡೆದುಕೊಳ್ಳಲಾರದೆ ಹೋದೆ. ಅದು ಅವನ ತೋಳಿನ ಮೇಲೆ ಎರಚಿತು. ಅವನು ತೋಳು ಹಿಡಿದುಕೊಂಡು ಕುಸಿದು ಕೂತ. ಅನ್ನಪೂರ್ಣ ಕುಡಿಯುವ ನೀರಿನ ಬಾಟಲಿಗಳನ್ನೆಲ್ಲ ತಂದು ಅವನ ತೋಳಿಗೆ ಸುರಿದಳು. ನಿತಿನ್ ತನ್ನ ಅಂಗಿಯ ಮೇಲಿನ ಕಲೆ ನೋಡಿಕೊಳ್ಳುತ್ತ, ಇನ್ನು ವಿಡಿಯೋ ಯಾರು ತೆಗೆಯುತ್ತಾರೆ ಎಂದು ಕೇಳಿದ.

ಅವಳು ಅವನನ್ನೊಮ್ಮೆ ನೋಡಿದಳು. ಕೆಳಗಿಳಿಯುತ್ತಿದ್ದ ಹಾಲಿನ ವ್ಯಾನ್ ನಿಲ್ಲಿಸಿ, ತಿಪ್ಪೇಸ್ವಾಮಿಯನ್ನು ಹತ್ತಿಸಿ, ತಾನೂ ಹತ್ತಿದಳು.

"ಈಗ ಹೋದ್ರೆ ವಾಪಸ್ ಬರೋ ಹಾಗಿಲ್ಲ" ಎಂದ ನಿತಿನ್.

"ಹೂಂ" ಎಂದು ಅವಳು ಬಾಗಿಲೆಳೆದುಕೊಂಡಳು.

ಮಾರನೇ ದಿನ ನನ್ನನ್ನು ಎಳೆದು ತಂದರು. ರುದ್ರೇಶ ಇಂಜಿನ್ ಬಿಚ್ಚಿ ನೋಡಿದ. ಕಾವಿಗೆ ಅದರ ತಲೆಭಾಗವೇ ಸೊಟ್ಟಗಾಗಿತ್ತು. ಈಗ ಸರಿ ಮಾಡಿಸಲು ನನ್ನನ್ನು ಕೊಂಡ ಬೆಲೆಗಿಂತ ಹೆಚ್ಚಾಗುತ್ತದೆ ಎಂದ. ತೋಳಿಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದ ತಿಪ್ಪೇಸ್ವಾಮಿ ಇನ್ನೊಂದು ಕೈಯಿಂದ ನನ್ನ ಬಾನೆಟ್ ಮುಚ್ಚಿದ. ನನ್ನನ್ನು ಸ್ಟುಡಿಯೋದ ಹಿತ್ತಲಿಗೆ ತಳ್ಳಿದರು. ಇಂಜಿನ್ ಸತ್ತ ನನಗೆ ಈಗ ರಿಪೇರಿಯ ಕಾಟವೂ ಇಲ್ಲ.

ಆ ಮದುವೆ ನಡೆಯಲಿಲ್ಲ. ತಿಂಗಳ ಮೇಲೆ ಅನ್ನಪೂರ್ಣ ತಿಪ್ಪೇಸ್ವಾಮಿಯ ತೋಳು ನೋಡಲು ಬಂದಳು. ಅವನು ಅವಳನ್ನು ಹಿತ್ತಲಿಗೆ ಕರೆತಂದು, ಅಂದು ತೆಗೆದ ಆ ಒಂದು ಫೋಟೋ ಮೊಬೈಲಿನಲ್ಲಿ ತೋರಿಸಿ, ಅಳಿಸಲೇ ಎಂದು ಮೆಲ್ಲಗೆ ಕೇಳಿದ.

ಅವಳು ಫೋಟೋವನ್ನು ಬೆರಳಿಂದ ಹಿಗ್ಗಿಸಿ ನೋಡಿದಳು.

"ಕಾರು ಚೆನ್ನಾಗಿ ಬಂದಿದೆ. ನಮ್ಮಿಬ್ರನ್ನ ತೆಗ್ದು ಕಾರ್ ಮಾತ್ರ ಉಳಿಸೋಕಾಗುತ್ತಾ?"

ತಿಪ್ಪೇಸ್ವಾಮಿ ನಕ್ಕ. ಆ ಸಂಜೆಯ ನಂತರ ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಇಷ್ಟು ವರ್ಷ ನನ್ನ ಬಣ್ಣದ ಮೇಲೆ ಕೈ ಸವರಿದವರು ಲೆಕ್ಕವಿಲ್ಲದಷ್ಟು ಮಂದಿ. ಅನ್ನಪೂರ್ಣ ಹೊರಡುವಾಗ, ದನಕ್ಕೆ ಜ್ವರವಿದೆಯೇ ಎಂದು ನೋಡುವ ಹಾಗೆ ನನ್ನ ಬಾನೆಟ್ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದು, "ತಣ್ಣಗಾಗಿದೆ" ಎಂದಳು.