ಒಂಬತ್ತನೇ ಕೋಣೆ

ದಾಳ ನಿಂತಿತು, ಆದರೆ ನೆಟ್ಟಗೆ ನಿಲ್ಲಲಿಲ್ಲ, ಚೀಸ್ ತುಂಡುಗಳ ಬಟ್ಟಲಿಗೆ ಓರೆಯಾಗಿ ಒರಗಿಕೊಂಡಿತು, ಇಪ್ಪತ್ತು ಮುಖಗಳಲ್ಲಿ ಯಾವುದು ಮೇಲೆ ಎಂದು ಯಾರೂ ಹೇಳಲಾರರು, ಒರಗಿದ ದಾಳ ಲೆಕ್ಕಕ್ಕಿಲ್ಲ, ಮತ್ತೆ ಎಸೆಯಬೇಕು, ಈ ಮೇಜಿನ ಕಾನೂನು, ನಲವತ್ತು ವರ್ಷದ ಹಿಂದೆ ನಾನೇ ಮಾಡಿದ್ದು — ಸದ್ಯ, ಒಂದು ನಿಮಿಷ ಸಿಕ್ಕಿತು, ರೋಲಿ ಅದನ್ನೆತ್ತಿ ಮುಷ್ಟಿಯಲ್ಲಿ ಕುಲುಕುತ್ತಿದ್ದಾನೆ, ಮತ್ತೆ ಹಾಕ್ಲೇನೋ ವರ್ಲಿನ್ ಅನ್ನುತ್ತಾನೆ, ತಡಿಯೋ ಸ್ವಲ್ಪ, ಕಾಫಿ ಕುಡೀತೀನಿ ಅನ್ನುತ್ತೇನೆ, ಕಾಫಿ ಆರಿಹೋಗಿದೆ, ಆದರೂ ಕುಡಿಯುತ್ತೇನೆ, ಎಡಗೈಯಲ್ಲಿ, ಯಾಕೆಂದರೆ ಬಲಗೈ ಎತ್ತುವ ಹಾಗಿಲ್ಲ, ಬಲ ಅಂಗೈ, ಉಳಿದವರಿಗೆ ಹಾಳೆ ಕಾಣದಂತೆ ನಿಲ್ಲಿಸಿದ ಈ ರಟ್ಟಿನ ಮರೆಯ ಹಿಂದೆ, ಹಳೆಯ ಗ್ರಾಫ್ ಹಾಳೆಯ ಮೇಲೆ ಒತ್ತಿಕೊಂಡು ಕೂತಿದೆ, ಜನವರಿಯ ಭಾನುವಾರ ಮಧ್ಯಾಹ್ನ, ಮಿಶಿಗನ್ ಸರೋವರದ ಗಾಳಿ ಈ ನೆಲಮಾಳಿಗೆಯ ಕಿಟಕಿಯ ಅರ್ಧಕ್ಕೆ ಹಿಮ ತಂದು ಪೇರಿಸಿದೆ, ನನ್ನ ಅಂಗೈ ಬೆವರುತ್ತಿದೆ. ಇಷ್ಟು ಹೊತ್ತು ಎಲ್ಲ ಸರಿಯಾಗಿಯೇ ಇತ್ತು, ನಾನು ಹಾಳೆ ನೋಡಿ ಕಥೆ ನಡೆಸುವುದು, ಅವರು ತಂತಮ್ಮ ಪಾತ್ರ ಆಡುವುದು, ಕಥೆಯ ಗುಹೆಯಲ್ಲಿದ್ದ ದೊಡ್ಡ ಹಸಿರು ರಕ್ಕಸರನ್ನು, ಗಾಬ್ಲಿನ್‌ಗಳನ್ನೆಲ್ಲ ಮುಗಿಸಿದ್ದರು, ರೋಲಿಯ ಧರ್ಮಯೋಧ ಮುಂದೆ, ಲವಾನ್‌ಳ ಕುಬ್ಜ ಕೊಡಲಿ ಹಿಡಿದು ಪಕ್ಕದಲ್ಲಿ, ನನ್ನ ಸೊಸೆ ಮೈ ಯೆರ್‌ಳ ವೈದ್ಯೆ ಹಿಂದಿನಿಂದ ಗಾಯ ಕಟ್ಟುತ್ತ, ನಗುತ್ತ, ಸಾಸಿವೆ ಬಳಿದ ಬ್ರಾಟ್ ಸಾಸೇಜ್ ತಿನ್ನುತ್ತ, ಆಮೇಲೆ ಒಂಬತ್ತನೇ ಕೋಣೆಯ ಬಾಗಿಲು ಒದ್ದರು, ನಾನು ಹಾಳೆಯಲ್ಲಿದ್ದದ್ದನ್ನು ಮುಂಚೆ ಕಣ್ಣಾಡಿಸದೆ ಗಟ್ಟಿಯಾಗಿ ಓದಿಬಿಟ್ಟೆ, ಗಾಬ್ಲಿನ್ ಮರಿಗಳು, ಎಂಟು, ಎದುರಾಡುವುದಿಲ್ಲ — ಅದರ ಮುಂದಿನ ಮಾತು ಕಣ್ಣಿಗೆ ಬಿತ್ತು, ನಾಲಿಗೆ ನಿಂತಿತು, ಕೈ ತಾನಾಗಿ ಹೋಗಿ ಅದನ್ನು ಮುಚ್ಚಿತು.

ಸೋಮಾರಿತನ, ಮತ್ತೇನೂ ಅಲ್ಲ, ಹೊಸ ಗುಹೆ ಬರೆಯಬೇಕಿತ್ತು, ಶಾಲೆಯಲ್ಲಿ ಬಡಗಿ ತರಗತಿಯ ಮೂವತ್ತೆರಡು ಹಕ್ಕಿಗೂಡುಗಳಿಗೆ ಅಂಕ ಹಾಕುವುದರಲ್ಲಿ ವಾರ ಕಳೆಯಿತು, ಹಳೆಯ ಪೆಟ್ಟಿಗೆಗೆ ಕೈ ಹಾಕಿ ಸಿಕ್ಕಿದ ನಕ್ಷೆ ಎಳೆದೆ, ಎಂಬತ್ಮೂರನೇ ಇಸವಿಯದ್ದು, ನನ್ನದೇ ಅಕ್ಷರ, ಎಡಕ್ಕೆ ವಾಲಿದ ಹದಿನಾಲ್ಕು ವರ್ಷದ ಹುಡುಗನ ಅಕ್ಷರ, ಪರವಾಗಿಲ್ಲ, ರೋಲಿಗೆ ಮರೆತಿರುತ್ತದೆ ಅಂದುಕೊಂಡೆ, ನನಗೇ ಮರೆತಿತ್ತು. ಆಗ ಆಟದ ಪುಸ್ತಕದಲ್ಲಿ ಪ್ರತಿ ಜಾತಿಯ ಕೆಳಗೂ ಒಂದು ಸಾಲು ಇರುತ್ತಿತ್ತು, ಎತ್ತರ ಇಷ್ಟು, ತೂಕ ಇಷ್ಟು, ಸ್ವಭಾವ ದುಷ್ಟ, ತೂಕ ಹೇಳಿದಷ್ಟೇ ಸಲೀಸಾಗಿ, ನಾವು ಅದನ್ನು ಯಾವತ್ತೂ ಕೇಳಲಿಲ್ಲ, ಕುಬ್ಜರಿಗೆ ಗಾಬ್ಲಿನ್‌ಗಳ ಮೇಲೆ ಹುಟ್ಟುದ್ವೇಷ, ಅದಕ್ಕೇ ದಾಳಕ್ಕೆ ಒಂದು ಹೆಚ್ಚು ಸೇರಿಸಿಕೊಳ್ಳಬಹುದು, ಲವಾನ್ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಊರಿನ ಎಲ್ಲರ ಕಾಗದವನ್ನೂ ಒಂದೇ ಮುಖದಲ್ಲಿ ವಿಂಗಡಿಸಿದವಳು, ಇಲ್ಲಿ ಬಂದು ಕೂತರೆ ಆ ಒಂದನ್ನು ಸೇರಿಸದೆ ಬಿಡುವುದಿಲ್ಲ. ಮೈ ಯೆರ್ ಇವತ್ತೇ ಮೊದಲು ಕೂತದ್ದು, ನಾನೇ ಕರೆದೆ, ಮದುವೆಯಾಗಿ ಬಂದು ಎರಡು ವರ್ಷವಾಯಿತು, ಮೇಲಿನ ಮನೆಯಲ್ಲಿ ಅಡುಗೆ, ಪಾತ್ರೆ, ನಗು, ಎಲ್ಲ ಇದೆ, ಆದರೆ ನೆಲಮಾಳಿಗೆಗೆ ಇಳಿದಿರಲಿಲ್ಲ, ನನ್ನ ಮಗ ಕರ್ಟಿಸ್ ಹೇಳಿದ, ಕರೀರಿ ಅಪ್ಪ, ಅವಳಿಗೂ ಈ ಮನೇಲಿ ಒಂದು ಕುರ್ಚಿ ಇರ್ಲಿ. ತನ್ನ ಪಾತ್ರದ ಹಾಳೆ ತುಂಬಿಸುವಾಗ ಪೆನ್ಸಿಲ್ ಕಚ್ಚಿಕೊಂಡು ಕೇಳಿದಳು, ಪುಸ್ತಕದಲ್ಲಿರೋ ಇವರ ಸ್ವಭಾವ ಹುಟ್ಟೋಕೆ ಮುಂಚೇನೇ ಬರ್ದಿರುತ್ತಾ ಡ್ಯಾಡ್, ಈ ಊರಿನ ಸೊಸೆಯರೆಲ್ಲ ಮಾವನನ್ನು ಹೆಸರು ಹಿಡಿದೇ ಕರೆಯುತ್ತಾರೆ, ಇವಳಿಗೆ ಬಾಯಿ ಬರುವುದಿಲ್ಲ, ಅವರ ಮನೆಯಲ್ಲಿ ಹಿರಿಯರ ಹೆಸರು ಹೇಳುವುದಿಲ್ಲವಂತೆ, ಹಾಗಾಗಿ ನಾನು ಡ್ಯಾಡ್, ಡ್ಯಾಡ್ ಆಗ ನಕ್ಕು ಹೇಳಿದ, ಆಟ ಅಲ್ವೇನಮ್ಮ.

ತಲೆಗೆ ಐದು ಅಂಕ. ಅದು ಆ ಮಾತು, ಅಂಗೈಯ ಕೆಳಗೆ ಇರುವುದು, ಒಂದೊಂದು ಮರಿ ಕೊಂದದ್ದಕ್ಕೆ ಐದು, ಮರಿಗಳು ಎಂಟು ಎದುರಾಡುವುದಿಲ್ಲ ತಲೆಗೆ ಐದು ಅಂಕ, ಅಡಿಗೆರೆ ಬೇರೆ ಎಳೆದಿದ್ದೇನೆ. ಆವತ್ತೂ ಇದೇ ಮೇಜು, ನನ್ನ ಅಪ್ಪ ಮಾಡಿದ್ದು, ರೋಲಿ ಇದೇ ಕಡೆ ಕೂತಿದ್ದ, ಮೂಗು ಸೋರುತ್ತಿತ್ತು, ಏನೋ ಕೇಳಿದ ನನ್ನನ್ನು, ಏನು ಕೇಳಿದ, ನೆನಪಿಲ್ಲ, ಯಾಕೆ ನೆನಪಿರಬೇಕು, ನಲವತ್ತು ವರ್ಷ — ಅಳ್ತಾ ಇದಾವಾ, ಡ್ಯಾಡ್? ಮೈ ಯೆರ್ ಕೇಳಿದಳು, ಸ್ವಲ್ಪ ಹೊತ್ತಿಗೆ ಮುಂಚೆ, ರೋಲಿ ಮುಗಿಸಿಬಿಡೋಣ ಅಂದು ದಾಳ ಎಸೆದ ಕೂಡಲೇ, ದಾಳ ಉರುಳುತ್ತಿದ್ದಾಗಲೇ ಕೇಳಿದಳು, ನಾನು ಅವಳಿಗೆ ಹಗುರಾಗಲಿ ಅಂತ, ಆಣೆ ಮಾಡಿ ಹೇಳುತ್ತೇನೆ ಹಗುರಾಗಲಿ ಅಂತಲೇ, ಇಲ್ಲಮ್ಮ, ಒಂದೂ ಅಳ್ತಿಲ್ಲ, ಸದ್ದೇ ಇಲ್ಲ ಅಂದೆ. ಆಟ ನಡೆಸುವವನು ಬಾಯಿಬಿಟ್ಟು ಹೇಳಿದ್ದು ಆ ಲೋಕದಲ್ಲಿ ಸತ್ಯ, ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ, ಮೇಜಿನ ಇನ್ನೊಂದು ಕಾನೂನು. ಸದ್ದಿಲ್ಲ ಅಂದೆನಲ್ಲ, ಮೂರ್ಖ, ಅವಳಿಗೆ ಸದ್ದಿಲ್ಲ ಅಂದೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಪಾತ್ರೆ ತೊಳೆಯುತ್ತ ಅವಳೇ ಹೇಳಿದ್ದಳು, ಅವಳು ತೊಳೆಯುತ್ತಿದ್ದಳು ನಾನು ಒರೆಸುತ್ತಿದ್ದೆ, ಲಾವೋಸಿನ ಕಾಡು, ಯುದ್ಧದಿಂದ ತಪ್ಪಿಸಿಕೊಂಡು ಓಡಿದ ಅವಳ ಜನ, ಮೆಕಾಂಗ್ ನದಿಯ ದಡದ ಬಿದಿರಿನ ಮೆಳೆಯಲ್ಲಿ ನಲವತ್ತು ಜನ ಅಡಗಿದ್ದರು, ಆಚೆ ದಾರಿಯಲ್ಲಿ ಸೈನಿಕರು, ಅವಳಮ್ಮನ ಮಡಿಲಲ್ಲಿ ಒಂಬತ್ತು ತಿಂಗಳ ಕೂಸು, ಮೈ ಯೆರ್ ಕಾಣದ ಅಣ್ಣ, ಅಮ್ಮ ಮೊದಲು ಅಂಗೈಯಿಂದ ಬಾಯಿ ಮುಚ್ಚಿದಳು, ಅಂಗೈಯ ಕೆಳಗೇ ಅಳುತ್ತಿತ್ತು, ಆಮೇಲೆ ಹಿರಿಯರು ಯಾರೋ ಒಂದು ಚೂರು ಅಫೀಮು ಕೊಟ್ಟರು, ನಾಲಿಗೆಗೆ ಸವರಿದಳು, ಅಳು ನಿಂತಿತು, ನದಿ ದಾಟಿದ ಮೇಲೂ ನಿಂತೇ ಇತ್ತು. ಅಂಗಡೀಲಿ ಯಾವ್ದಾದ್ರೂ ಮಗು ಜೋರಾಗಿ ಅತ್ರೆ ನಮ್ಮಮ್ಮ ನಗ್ತಾರೆ ಡ್ಯಾಡ್, ಸುಮ್ನಿದ್ರೆ ಮಾತ್ರ ಹತ್ರ ಹೋಗಿ ನೋಡ್ತಾರೆ, ಇಷ್ಟು ಹೇಳಿ ಇನ್ನೊಂದು ತಟ್ಟೆ ಕೊಟ್ಟಳು, ನಾನು ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದೆ.

ಈಗ ಅವಳು ನನ್ನನ್ನೇ ನೋಡುತ್ತಿದ್ದಾಳೆ, ಸದ್ದಿಲ್ಲ ಅಂದ್ರೆ ಯಾರೋ ಬಾಯಿ ಮುಚ್ಚಿದಾರೆ, ಎಂಟು ಮಕ್ಕಳು ತಾವಾಗೇ ಸುಮ್ನಿರಲ್ಲ, ಮೆಲ್ಲಗೆ ಹೇಳುತ್ತಾಳೆ, ರೋಲಿಗೆ ಏನೂ ಗೊತ್ತಿಲ್ಲ, ಪಾಪ ಅವನಿಗೆ ಗೊತ್ತಿಲ್ಲ, ಇದು ಆಟ ಕಣಮ್ಮ ಅನ್ನುತ್ತಾನೆ, ಇವತ್ತು ಬಿಟ್ರೆ ನಾಳೆ ಇವೂ ಬೆಳೆದು ಊರು ಸುಡ್ತವೆ, ಹುಟ್ಟಿದ್ದೇ ಹಾಗೆ, ನಾನು ಬೆಳಗಿನ ಜಾವ ನಾಲ್ಕಕ್ಕೆದ್ದು ಹಿಮ ತಳ್ಳೋ ಲಾರಿ ಓಡಿಸ್ತೀನಿ, ಮನೇಗ್ ಹೋದ್ರೆ ಬರೀ ಗೋಡೆ, ಇಲ್ಲಿ ವಾರಕ್ಕೆ ನಾಲ್ಕು ಗಂಟೆ, ನಾಲ್ಕೇ ಗಂಟೆ, ಒಳ್ಳೇವ್ರು ಯಾರು ಕೆಟ್ಟೋರು ಯಾರು ಅಂತ ನಂಗೆ ಗೊತ್ತಿರ್ಬೇಕು ಅಷ್ಟೇ. ಅದೂ ಸುಳ್ಳಲ್ಲ, ಅವನ ಹೆಂಡತಿ ಜಾಯ್ಸ್ ತೀರಿಹೋಗಿ ಹದಿನಾಲ್ಕು ತಿಂಗಳು, ಆಸ್ಪತ್ರೆಯಲ್ಲಿ ಯಾರನ್ನು ಬೈಯಬೇಕೆಂದು ಅವನಿಗೆ ತಿಳಿಯಲಿಲ್ಲ, ಬೈಯಲು ಯಾರೂ ಇರಲಿಲ್ಲ, ಇಲ್ಲಿ ಇದ್ದಾರೆ, ಗಿಡ್ಡಗೆ, ಹಸಿರಾಗಿ, ಹೆಸರಿಲ್ಲದೆ. ರೋಲಿ ಅಂಕಲ್, ನನ್ನ ವೈದ್ಯೆ ಬಾಗಿಲಿಗೆ ಅಡ್ಡ ನಿಲ್ತಾಳೆ, ಮೈ ಯೆರ್ ತನ್ನ ವೈದ್ಯೆಯ ಪುಟ್ಟ ತವರಲೋಹದ ಗೊಂಬೆಯನ್ನು ಎತ್ತಿ ನಕ್ಷೆಯ ಬಾಗಿಲಲ್ಲಿ ಇಟ್ಟಳು, ಲವಾನ್ ಹೆಣಿಗೆ ಕೆಳಗಿಟ್ಟಳು, ಜೊತೆಯವರ ಮೇಲೆ ಜೊತೆಯವರು ಕತ್ತಿ ಎತ್ತಿದ್ದು ಈ ಮೇಜಿನ ಮೇಲೆ ಯಾವತ್ತೂ ಇಲ್ಲ, ಲವಾನ್ ಮೇಲಿನ ಮನೆಯಲ್ಲಿ ತಿನ್ನೋಕೆ ಪೈ ಇದ್ಯಾ ಅಂತ ಕೇಳುತ್ತಾಳೆ. ನನ್ನ ದೇವ್ರು ಏನಂತಾನೆ ವರ್ಲಿನ್, ರೋಲಿ ಕೇಳುತ್ತಾನೆ, ನೀನೇ ತಾನೆ ದೇವ್ರು, ಹೇಳು. ಆಟ ನಡೆಸುವವನೇ ದೇವರ ಪರವಾಗಿಯೂ ಮಾತಾಡಬೇಕು, ಧರ್ಮಯೋಧನ ಶಕ್ತಿಯೆಲ್ಲ ದೇವರು ಕೊಟ್ಟದ್ದು, ಪಾಪ ಮಾಡಿದರೆ ದೇವರು ಮುಖ ತಿರುಗಿಸುತ್ತಾನೆ, ಆಗ ಹೊಳೆಯುವ ಕತ್ತಿ ಬರಿಯ ಕಬ್ಬಿಣ, ಕರೆದರೆ ಓಡಿಬರುವ ಬಿಳಿ ಕುದುರೆ ಮತ್ತೆ ಬರುವುದಿಲ್ಲ, ಬಟನ್ಸ್ ಅಂತ ಅದಕ್ಕೆ ಹೆಸರಿಟ್ಟವಳು ಜಾಯ್ಸ್, ರೋಲಿಯ ಹಾಳೆಯ ಮೂಲೆಯಲ್ಲಿ ಅವಳ ದುಂಡು ಅಕ್ಷರ ಇನ್ನೂ ಇದೆ, ಅಳಿಸಿ ಅಳಿಸಿ ತೂತುಬಿದ್ದ ಆ ಹಾಳೆಯಲ್ಲಿ ಅದೊಂದನ್ನು ಅವನು ಮುಟ್ಟಿಲ್ಲ. ನಾನು ಪಾಪ ಅಂದರೆ ಬಟನ್ಸ್ ಹೋಗುತ್ತದೆ, ಪಾಪ ಅಲ್ಲ ಅಂದರೆ ಮೈ ಯೆರ್ ಎದ್ದು, ಕೋಪವಿಲ್ಲದೆ, ಕಪ್ಪುಗಳನ್ನು ಜೋಡಿಸಿಕೊಂಡು ಮೆಟ್ಟಿಲು ಹತ್ತುತ್ತಾಳೆ, ಮತ್ತೆ ಇಳಿಯುವುದಿಲ್ಲ, ಥ್ಯಾಂಕ್ಸ್‌ಗಿವಿಂಗ್‌ಗೆ ಬರುತ್ತಾಳೆ, ನಗುತ್ತಾಳೆ, ಪಾತ್ರೆ ತೊಳೆಯುತ್ತ ನನಗೆ ಮತ್ತೇನೂ ಹೇಳುವುದಿಲ್ಲ. ಗುಹೆಯ ಚಾವಣಿ ಕುಸಿಯಿತು ಅನ್ನಲೇ, ಮರಿಗಳು ಮಾಯವಾದವು ಅನ್ನಲೇ, ಆಟ ನಡೆಸುವವನಿಗೆ ಸಾವಿರ ಉಪಾಯ, ನಾನು ಹಾಗೇ ನುಣುಚಿಕೊಂಡು ಬಂದವನು, ಮರೆಯ ಹಿಂದೆ.

ಅವತ್ತೂ ಇದೇ ಕೋಣೆ ಅಲ್ವೇನೋ, ರೋಲಿ ಅನ್ನುತ್ತಾನೆ. ಯಾವತ್ತೋ? ಎನ್ನುತ್ತೇನೆ. ಎಂಟು ಅಂತ ನೀನು ಓದಿದಾಗ್ಲೇ ಅನ್ನಿಸ್ತು, ಎಂಟು ಸಲ ದಾಳ ಹಾಕಿದ್ದೆ ನಾನು, ಇದೇ ನೀಲಿ ದಾಳ, ಮುಷ್ಟಿ ಬಿಚ್ಚಿ ತೋರಿಸುತ್ತಾನೆ, ದೊಡ್ಡ ಕೈ, ಚಳಿಗೆ ಒಡೆದ ಕೈ, ಮಧ್ಯದಲ್ಲಿ ಮೂಲೆ ಸವೆದ ದಾಳ. ಬಿಟ್ಬಿಡ್ಲಾ ಅಂತ ಕೇಳಿದ್ದೆ ನಿನ್ನ, ನೀನು ನಕ್ಕಿದ್ದೆ. ಅಷ್ಟೇ ಹೇಳಿದ, ಬೈಯಲಿಲ್ಲ, ನಕ್ಕಿದ್ದೆ, ಹೌದು, ನಕ್ಕಿದ್ದೆ, ಪುಸ್ತಕ ಓದೋ, ಪೆದ್ದ, ದುಷ್ಟ ಅಂತ ಬರ್ದಿದೆ ಅಂದಿದ್ದೆ, ಅವನ ಕಣ್ಣು ತುಂಬಿತ್ತು, ಸೋರಿದ್ದು ನೆಗಡಿಯಲ್ಲ, ವಾರವೆಲ್ಲ ಶಾಲೆಯ ಊಟದ ಮನೆಯಲ್ಲಿ ಅಳುಬುರುಕ ಯೋಧ ಅಂತ ಎಲ್ಲರೆದುರು ಕರೆದಿದ್ದೆ, ಅವನು ಎಂಟು ಸಲ ಎಸೆದ, ನಾನು ಎಂಟು ಸಲ ಗೀಟು ಹಾಕಿದೆ, ಆಮೇಲೆ ಅವನು ಮತ್ತೆ ಯಾವತ್ತೂ ಏನನ್ನೂ ಕೇಳಲಿಲ್ಲ, ನಲವತ್ತು ವರ್ಷ ನಾನು ಯಾರನ್ನು ತೋರಿಸಿದರೆ ಅವರನ್ನು ಕಡಿದ, ಅವನ ದೇವರು ನಾನೇ, ಮುಖ ತಿರುಗಿಸಬೇಕಾದದ್ದು ಯಾರಿಂದ. ರೋಲಿ ದಾಳವನ್ನು ಮೇಜಿನ ಮೇಲಿಟ್ಟು ಕಾಯುತ್ತಿದ್ದಾನೆ, ಲವಾನ್ ಕಾಯುತ್ತಿದ್ದಾಳೆ, ಹೇಳಿಬಿಡು ವರ್ಲಿನ್, ತಪ್ಪು ನನ್ನದು ಅನ್ನು, ಮರೆ ಮಡಚು, ಹಾಳೆ ತಿರುಗಿಸು, ಕೈ ಎತ್ತು, ಎತ್ತಿದರೆ ಅವಳು ಓದುತ್ತಾಳೆ, ತಲೆಗೆ ಐದು, ಅವಳಮ್ಮನ ಮಡಿಲು, ಬಿದಿರಿನ ಮೆಳೆ, ಯಾರ ಕೈ ಅದು ಡ್ಯಾಡ್, ಅವುಗಳ ಬಾಯಿ ಮುಚ್ಚಿರೋದು ಯಾರ ಕೈ, ಮೈ ಯೆರ್ ಕೇಳುತ್ತಿದ್ದಾಳೆ, ನಾನು ಕೆಳಗೆ ನೋಡುತ್ತೇನೆ, ಒಂಬತ್ತನೇ ಕೋಣೆ, ಅದರ ಮೇಲೆ ಬಲಗೈ, ಅಗಲವಾದ, ಬೆವರಿದ, ಬೆರಳಿನ ಸಂದಿನಲ್ಲಿ ಹಳೆಯ ಪೆನ್ಸಿಲ್ಲಿನ ಕಪ್ಪು, ಅದರ ಕೆಳಗೆ ಎಂಟು, ಸದ್ದಿಲ್ಲ, ಅಂಗೈ, ಅಂಗೈಯ ಕೆಳಗೆ ಎಂಟು, ಅಂಗೈ