ಸೆಕೆಂಡಿಗೆ ಎಂಟುನೂರ ಎಪ್ಪತ್ತು ಅಡಿ

ಹಕ್ಕಿ ಹಾಡು ನಿಲ್ಲಿಸಿಲ್ಲ, ಇಷ್ಟು ಗುಂಡು ಹಾರಿದರೂ ಬೇಲಿಗೂಟದ ಮೇಲೆ ಕೂತು ಅದೇ ಆರು ಸ್ವರ, ಹಳದಿ ಎದೆ, ಮಾರ್ಚಿ ಬಂತೆಂದರೆ ಮೊಂಟಾನಾದ ಈ ಬಯಲಿಗೆ ಅದು ಬರಲೇಬೇಕು, ಹಿಮ ಕರಗಿರಲಿ ಬಿಡಲಿ — ಎಂಟುನೂರ ಎಪ್ಪತ್ತೊಂದು, ವೇಗ ಅಳೆಯುವ ಪೆಟ್ಟಿಗೆಯ ಸಣ್ಣ ಪರದೆ ತೋರಿಸುತ್ತಿದೆ, ಅದಕ್ಕೆ ಮುಂಚೆ ಎಂಟುನೂರ ಅರವತ್ತೆಂಟು, ಎಪ್ಪತ್ತಮೂರು, ಎಪ್ಪತ್ತು, ಅರವತ್ತೊಂಬತ್ತು, ಐದು ಗುಂಡಿಗೆ ಐದೇ ಅಡಿ ಹೆಚ್ಚುಕಡಿಮೆ, ಇಂಥ ಅಂಕಿಗಳನ್ನು ಕಂಡ ದಿನ ಓರ್ವಲ್ ಟ್ವೈಟ್ ಮನೆವರೆಗೂ ಸಿಳ್ಳೆ ಹಾಕಿಕೊಂಡು ಹೋಗುತ್ತಿದ್ದ, ಇವತ್ತು ತುಟಿ ಒಣಗಿದೆ. ಪ್ರತಿ ಗುಂಡಿಗೂ ಮುಂಚೆ ರಿವಾಲ್ವರಿನ ಮೂತಿಯನ್ನು ಆಕಾಶಕ್ಕೆ ಎತ್ತಿದ್ದಾನೆ, ಮೆಲ್ಲಗೆ ಇಳಿಸಿದ್ದಾನೆ, ಗುರಿ ಹಿಡಿದು ಒತ್ತಿದ್ದಾನೆ, ನಲವತ್ತು ವರ್ಷದ ರೂಢಿ, ಕೈ ತಾನಾಗಿಯೇ ಮಾಡುತ್ತದೆ, ಯಾಕೆಂದರೆ ತೋಟಾದೊಳಗೆ ಅರ್ಧಕ್ಕಿಂತ ಹೆಚ್ಚು ಖಾಲಿ ಜಾಗ, ಮದ್ದಿನ ಪುಡಿ ಡಬ್ಬಿಯ ತಳದ ಉಪ್ಪಿನ ಹಾಗೆ ಅತ್ತಿತ್ತ ಜಾರುತ್ತದೆ, ಮೂತಿ ಎತ್ತಿದರೆ ಹಿಂದಕ್ಕೆ ಬಂದು ತೋಟಾದ ಬುಡದ ಕಿಡಿಯ ಪಕ್ಕ ಕೂರುತ್ತದೆ, ಆಗ ಪ್ರತಿ ಗುಂಡೂ ಅಣ್ಣತಮ್ಮಂದಿರಂತೆ ಒಂದೇ ವೇಗ. ಅಳೆಯುವವನು ಹಾಗೆ ಎತ್ತಲೇಬೇಕು, ಎತ್ತದಿದ್ದರೆ ಅಂಕಿ ಅಂಕಿಯಾಗಿರುವುದಿಲ್ಲ. ಲೈಲ್ ಅದನ್ನು ನೋಡಿ ನಗುತ್ತಿದ್ದ, ಈ ಜಲ್ಲಿಗುಂಡಿಯಲ್ಲೇ, ಇದೇ ಮೇಜಿನ ಹತ್ತಿರ, ಮೂವತ್ತು ವರ್ಷದ ಸ್ನೇಹ, ಲೇ ತಕ್ಕಡಿ, ಕಳ್ಳ ಬಂದಾಗ್ಲೂ ಹೀಗೇ ಮಾಡ್ತೀಯೇನೋ, ಸ್ವಲ್ಪ ತಡಿಯಪ್ಪಾ, ಮದ್ದು ಕೂತ್ಕೊಳ್ಳಲಿ ಅಂತೀಯಾ — ಎಲ್ಲರೂ ನಕ್ಕಿದ್ದರು, ಓರ್ವಲ್ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ, ಈಗ ಪಕ್ಕದಲ್ಲಿ ಕೂತಿರುವ ಲೈಲ್ ಅಂಕಿ ಬರೆದುಕೊಳ್ಳುತ್ತಾನೆ, ಕಾಫಿ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಾನೆ, ಮುಚ್ಚುತ್ತಾನೆ, ಮತ್ತೆ ತಿರುಗಿಸುತ್ತಾನೆ.

ತಕ್ಕಡಿ ಎನ್ನುವ ಹೆಸರು ಗೋಧಿ ಗೋದಾಮಿನಲ್ಲಿ ಬಂದದ್ದು, ಲಾರಿಗಳನ್ನು ತೂಗುತ್ತ ಕಳೆದ ಆಯುಷ್ಯ, ಇಡೀ ಜಿಲ್ಲೆಯಲ್ಲಿ ಓರ್ವಲ್ ತೂಗಿದ್ದನ್ನು ಮತ್ತೊಮ್ಮೆ ತೂಗಿಸಿದವರಿಲ್ಲ, ಆ ಕೈಯೇ ನೆಲಮಾಳಿಗೆಯ ಪುಟ್ಟ ತಕ್ಕಡಿಯಲ್ಲಿ ಮಗಳು ಸಿಗ್ನಿಗಾಗಿ ಒಂದೊಂದು ತೋಟಾದ ಮದ್ದನ್ನೂ ತೂಗಿತು, ಹೋದ ಬೇಸಗೆಯಲ್ಲಿ, ಅವಳು ಗಂಡ ಡರ್ಕ್‌ನನ್ನು ಬಿಟ್ಟು ಊರಿನ ಅಂಚಿನ ಬಾಡಿಗೆ ಮನೆಗೆ ಬಂದಾಗ, ಬಲಗೈ ಮಣಿಕಟ್ಟಿಗೆ ಸಿಮೆಂಟು ಪಟ್ಟಿ, ಮುರಿದವನು ಅವನೇ. ಅಂಗಡಿ ತೋಟಾ ತಗೋ ಓರ್ವಲ್, ಅವು ಇದಕ್ಕೇ ಅಂತ ಮಾಡಿರೋವು ಎಂದು ಲೈಲ್ ಹೇಳಿದ್ದ, ಹೇಳಿರಲಿಲ್ಲವೆಂದಲ್ಲ, ಓರ್ವಲ್ ತಲೆ ಎತ್ತದೆ ಯಂತ್ರಕ್ಕೆ ನನ್ ಮಗಳ ಮೇಲೇನು ಪ್ರೀತಿ ಅಂದಿದ್ದ, ಅಂಗಡಿಯದು ಅವಳ ಕೈಗೆ ಒದೆಯುತ್ತಿತ್ತು, ಮೊದಲ ಗುಂಡಿಗೇ ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೇ ಒಂದಿಷ್ಟು ಮೆತ್ತಗೆ ಮಾಡಿದ, ಮದ್ದು ಕಡಿಮೆ, ಖಾಲಿ ಜಾಗ ಹೆಚ್ಚು, ಆದರೂ ಎಂಟುನೂರ ಎಪ್ಪತ್ತು, ಗುಂಡಿನ ಟೊಳ್ಳು ಬಾಯಿ ಮೈಗೆ ಹೊಕ್ಕು ಅರಳಿ ಮನುಷ್ಯನನ್ನು ಕೆಡವುವುದಕ್ಕೆ ಸಾಕಾಗುವಷ್ಟು, ಸಾಕೇ ಸಾಕು, ಜೇಡಿಮಣ್ಣಿನ ಮುದ್ದೆಗೆ ಬಟ್ಟೆ ಸುತ್ತಿ ನೋಡಿದ್ದ, ಅರಳಿತ್ತು, ಮೂತಿ ಎತ್ತಿ ಹಾರಿಸಿದ್ದ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ, ನಾರ್ವೆಯಿಂದ ಹಡಗಿನಲ್ಲಿ ಹೊತ್ತು ತಂದ ಕಥೆಗಳಲ್ಲಿ, ಬೆಟ್ಟದ ಮುದುಕಿ ಹುಡುಗಿಗೆ ಕತ್ತಿ ಕೊಡುವಾಗ ಕಟ್ಟುಪಾಡನ್ನೂ ಕಿವಿಯಲ್ಲಿ ಹೇಳುತ್ತಾಳೆ, ಸೇತುವೆ ದಾಟುವಾಗ ಹಿಂದೆ ನೋಡಬೇಡ, ಒರೆಯಿಂದ ತೆಗೆಯುವ ಮುನ್ನ ಮೂರು ಸಲ ಉಸಿರಾಡು, ಹೇಳದೆ ಕೊಡುವ ಮುದುಕಿ ಯಾವ ಕಥೆಯಲ್ಲೂ ಇರಲಿಲ್ಲ — ಇವನು ಹೇಳದೆ ಕೊಟ್ಟ, ರಿವಾಲ್ವರನ್ನು ತೊಗಲಿನ ಚೀಲದಲ್ಲಿಟ್ಟು ಸೊಂಟಕ್ಕೆ ತಾನೇ ಕಟ್ಟಿದ, ಮೂತಿ ಕೆಳಕ್ಕೆ, ಎಲ್ಲರೂ ಕಟ್ಟುವ ಹಾಗೆ, ದಿನವೆಲ್ಲ ಅವಳು ಅಂಚೆಕಚೇರಿಗೆ ನಡೆದಂತೆ, ಮೆಟ್ಟಿಲು ಹತ್ತಿದಂತೆ, ಮದ್ದು ಮುಂದಕ್ಕೆ ಜಾರಿ ಗುಂಡಿನ ಬೆನ್ನಿಗೆ ಒರಗಿ ಮಲಗಿತು, ಕಿಡಿಯಿಂದ ದೂರ. ಅಪ್ಪಾ, ಎಷ್ಟು ಸಲ ಹೊಡೀಬೇಕು, ಅವಳು ಕೇಳಿದ್ದಳು, ಆ ದಿನ ಗಾಳಿ ಇರಲಿಲ್ಲ, ಗೋಧಿ ಹಳದಿಯಾಗಿತ್ತು, ಓರ್ವಲ್ ಹೆಮ್ಮೆಯಿಂದ, ದೇವರೇ, ಎಂಥ ಹೆಮ್ಮೆಯಿಂದ, ನಂದಾದ್ರೆ ಒಂದೇ ಸಾಕು ಮಗಳೇ ಅಂದ.

ಗುಡ್ರುನ್ ಸಿಗ್ನಿಯ ಎದುರು ಮನೆಯವಳು, ನವೆಂಬರಿನಲ್ಲಿ ಕಿಟಕಿಯಿಂದ ಕಂಡದ್ದನ್ನು ಇವರ ಅಡುಗೆಮನೆಗೆ ಬಂದು ಹೇಳಿದಳು, ಹೇಳದಿದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದು ಹೇಳಿದಳು, ಡರ್ಕ್ ದಪ್ಪ ಕ್ಯಾನ್ವಾಸ್ ಕೋಟು ಹಾಕಿಕೊಂಡು ಅಂಗಳದಲ್ಲಿ ಬರುತ್ತಿದ್ದ, ಸಿಗ್ನಿಯ ಕೈ ತೊಡೆಯ ಪಕ್ಕ ಕೆಳಕ್ಕೆ ಇತ್ತು, ನೇರ ಮುಂದಕ್ಕೆ ಎತ್ತಿದಳು, ಒಂದು ಸಲ ಹೊಡೆದಳು, ಕೈ ಚಾಚಿಕೊಂಡೇ ನಿಂತಳು. ಆಮೇಲೆ ಅವನು ಅವಳನ್ನು ತಲುಪಿದ. ಅದರ ಮುಂದಿನದನ್ನು ಓರ್ವಲ್ ಕೇಳಿಸಿಕೊಳ್ಳಲಿಲ್ಲ, ನಲ್ಲಿ ತಿರುಗಿಸಿ ನೀರು ಬಿಟ್ಟ, ತೊಳೆದ ಲೋಟವನ್ನೇ ತೊಳೆದ. ಪೊಲೀಸ್ ಡೆಪ್ಯುಟಿ ಒಂದು ಚಿತ್ರ ತೋರಿಸಿದ, ಡರ್ಕ್‌ನ ಪಕ್ಕೆಯಿಂದ ತೆಗೆದ ಗುಂಡು, ಅವನು ಜೈಲಿನ ಆಸ್ಪತ್ರೆಯಲ್ಲಿ ಉಂಡುಕೊಂಡು ಇದ್ದಾನೆ, ಗುಂಡು ಅರಳಿಯೇ ಇಲ್ಲ, ಟೊಳ್ಳು ಬಾಯಿಯ ತುಂಬ ಕೋಟಿನ ನೂಲು, ಮಾತು ಬಾರದ ಬಾಯಿಗೆ ಬಟ್ಟೆ ತುರುಕಿದ ಹಾಗೆ, ದಪ್ಪ ಕೋಟು ಸರ್, ಹಾಗಾಗುತ್ತೆ, ನಿಮ್ ತಪ್ಪೇನಿಲ್ಲ ಅಂದ ಹುಡುಗ, ಒಳ್ಳೆಯವನು. ಹೆಂಡತಿ ಆರ್ಲಿಸ್ ಅದನ್ನೇ ಹಿಡಿದುಕೊಂಡಿದ್ದಾಳೆ, ಮಗಳನ್ನು ಮಣ್ಣು ಮಾಡಿ ಬಂದ ನಾಲ್ಕು ತಿಂಗಳಿಂದ, ಚರ್ಚಿನಿಂದ ಅಡುಗೆ ಮಾಡಿ ತಂದುಕೊಡುವ ಪ್ರತಿ ಹೆಂಗಸಿಗೂ ಹೇಳುತ್ತಾಳೆ, ನಮ್ ಓರ್ವಲ್ ಒಂದೊಂದು ಕಾಳೂ ತೂಗಿ ಮಾಡಿದ್ದ ಕಣ್ರೀ, ಮನುಷ್ಯ ಮಾಡೋದೆಲ್ಲಾ ಮಾಡಿದ್ದ, ಹೇಳುತ್ತ ಅವನ ಬೆನ್ನ ಮೇಲೆ ಕೈಯಿಡುತ್ತಾಳೆ, ಆ ಕೈ ಅಲ್ಲಿರಬೇಕೋ ಬೇಡವೋ ಎಂದು ತಿಳಿಯಬೇಕಿತ್ತು ಅವನಿಗೆ, ಅಷ್ಟೇ, ಅದಕ್ಕೇ ಉಳಿದ ಹತ್ತು ತೋಟಾ ಜೇಬಿಗೆ ಹಾಕಿಕೊಂಡು ಬಂದದ್ದು, ಐದು ಮೇಲಕ್ಕೆ, ಐದು ಕೆಳಕ್ಕೆ. ಮೇಲಿನ ಐದು ಮುಗಿದಿವೆ. ಸಾಕು ಬಿಡೋ, ಮನೆಗ್ಹೋಗಣ, ಲೈಲ್ ಅನ್ನುತ್ತಾನೆ, ಓರ್ವಲ್ ತಲೆ ಅಲ್ಲಾಡಿಸುತ್ತಾನೆ, ಮೂತಿಯನ್ನು ಜಲ್ಲಿಯ ಕಡೆ ಇಳಿಸುತ್ತಾನೆ, ಇಷ್ಟು ವರ್ಷದಲ್ಲಿ ಮೊದಲ ಸಲ, ತೋಳು ಒಪ್ಪುತ್ತಿಲ್ಲ, ಮೇಲಕ್ಕೆ ಹೋಗಬೇಕೆಂದು ಎಳೆಯುತ್ತದೆ, ಕೆಳಗೆ, ಕೆಳಗೇ ಇರು, ಅವಳ ಕೈಯಿದ್ದ ಹಾಗೆ ತೊಡೆಯ ಪಕ್ಕ, ನೇರ ಮುಂದಕ್ಕೆ ಎತ್ತಿ ಒತ್ತುತ್ತಾನೆ, ಸದ್ದೇ ಬೇರೆ, ಮಂಕು ಸದ್ದು, ಯಾರೋ ಪಕ್ಕದ ಕೋಣೆಯಲ್ಲಿ ಪುಸ್ತಕ ಬೀಳಿಸಿದ ಹಾಗೆ, ಏಳುನೂರ ನಲವತ್ತೆರಡು. ಮತ್ತೆ ಕೆಳಕ್ಕೆ, ಏಳುನೂರ ಹದಿನಾರು. ಏಳುನೂರ ಐವತ್ತೊಂಬತ್ತು. ಲೈಲ್ ಬರೆಯುವುದನ್ನು ನಿಲ್ಲಿಸಿದ್ದಾನೆ. ಏಳುನೂರ ಮೂರು. ಏಳುನೂರ ಮೂವತ್ತು.

ಕೊನೆಯದರ ಹೊಗೆ ಕೂಡ ನಿಧಾನ. ಲೈಲ್ ಅವನನ್ನು ನೋಡದೆ, ದಿಬ್ಬದ ಕಡೆ ನೋಡುತ್ತ, ಐದು ಗುಂಡಿಂದ ಏನು ಗೊತ್ತಾಗುತ್ತೆ ಓರ್ವಲ್, ನೀನೇ ಹೇಳ್ತಿದ್ದೆಯಲ್ಲ, ಐದು ಲೆಕ್ಕಕ್ಕೇ ಇಲ್ಲ, ಕಡಿಮೆ ಅಂದ್ರೂ ಮೂವತ್ತು ಬೇಕು ಅಂತ, ಅನ್ನುತ್ತಾನೆ, ಹೌದು, ಹೇಳುತ್ತಿದ್ದೆ, ಈ ಮೇಜಿನ ಹತ್ತಿರ ಎಲ್ಲರಿಗೂ ಹೇಳುತ್ತಿದ್ದೆ, ಮೂವತ್ತು, ಐವತ್ತಾದರೆ ಇನ್ನೂ ಒಳ್ಳೆಯದು, ಅವಳು ಒಂದೇ ಹೊಡೆದಳು ಲೈಲ್, ಎಂದು ಹೇಳಿದನೋ ಅಂದುಕೊಂಡನೋ, ಅವಳ ರಿವಾಲ್ವರಿನಲ್ಲಿ ಇನ್ನೂ ನಾಲ್ಕಿದ್ದವು, ಒಂದು ಹಾರಿದ ಹೊಡೆತಕ್ಕೆ ಒಳಗೆಲ್ಲ ಅಲುಗಾಡಿರುತ್ತದೆ, ಎರಡನೆಯದಕ್ಕೆ ಮದ್ದು ಕಿಡಿಯ ಹತ್ತಿರ ಕೂತಿದ್ದರೂ ಕೂತಿರಬಹುದು, ಎರಡನೆಯದು ಅರಳಿದರೂ ಅರಳುತ್ತಿತ್ತು, ಅವಳು ಒತ್ತಲಿಲ್ಲ, ಹೆದರಿದ್ದಕ್ಕಲ್ಲ, ಹೆದರಿದ್ದರೆ ಐದನ್ನೂ ಒತ್ತಿಬಿಡುತ್ತಿದ್ದಳು, ನಂಬಿದ್ದಳು — ಆರ್ಲಿಸ್ ಈಗ ಆಲೂಗಡ್ಡೆ ಸುಲಿಯುತ್ತಿರುತ್ತಾಳೆ, ಬಾಗಿಲು ತೆಗೆದ ಕೂಡಲೇ ಏನಾಯ್ತು ಎಂದು ಕೇಳುತ್ತಾಳೆ, ಕೇಳುತ್ತ ಬೆನ್ನ ಮೇಲೆ ಕೈಯಿಡುತ್ತಾಳೆ, ಹೇಳಿದರೆ ಆ ಕೈ ಹೋಗುತ್ತದೆ, ಹೇಳದಿದ್ದರೆ ಸಾಯುವ ತನಕ ಅಲ್ಲೇ ಇರುತ್ತದೆ, ಯಾವುದು ಭಾರ ಎಂದು ತೂಗುವ ತಕ್ಕಡಿ ಅವನ ಹತ್ತಿರ ಇಲ್ಲ, ಲೈಲ್ ಪೆಟ್ಟಿಗೆಯನ್ನು ಆರಿಸುತ್ತಿದ್ದಾನೆ, ಅಂಕಿ ಹೋಯಿತು, ಜಲ್ಲಿ, ಹಿಮದ ತುಂಡು, ಅಂಗಳ, ಅಂಗಳದಲ್ಲಿ ಸಿಗ್ನಿ, ಮುರಿದು ಕೂಡಿಕೊಂಡ ಮಣಿಕಟ್ಟು, ಕೈ ಮುಂದಕ್ಕೆ ಚಾಚಿದೆ, ಒಂದಾಯಿತು, ಅಪ್ಪ ಒಂದೇ ಸಾಕು ಎಂದಿದ್ದಾನೆ, ಡರ್ಕ್ ಇನ್ನೂ ನಡೆದು ಬರುತ್ತಿದ್ದಾನೆ, ಅವಳು ಕಾಯುತ್ತಿದ್ದಾಳೆ, ಕೈ ಚಾಚಿಕೊಂಡು, ಕಾಯುತ್ತಿದ್ದಾಳೆ