ಒಳಗೂ ಹೊರಗೂ ರಾಳ

"ಎಷ್ಟು ಕೆರೆದ್ರೂ ಹೋಗಲ್ಲ, ಬಿಡಪ್ಪಾ," ಎಂದ ಮೇಸ್ತ್ರಿ.

ಸತ್ತವನ ಹೆಂಡತಿಯ ತಮ್ಮ ಶವಪೆಟ್ಟಿಗೆಯನ್ನು ಉಗುರಿನಿಂದ ಕೆರೆಯುತ್ತಲೇ ಇದ್ದ. ಸಂದುಸಂದಿಗೂ ಕಪ್ಪು ರಾಳ. ಕೋಣೆಯೆಲ್ಲ ದೋಣಿ ಕಟ್ಟುವ ಷೆಡ್ಡಿನಂತೆ ನಾರುತ್ತಿತ್ತು.

"ಭಾವನ್ನ ಇಡೋದು ಮಣ್ಣಿಗೆ ಕಣಯ್ಯಾ, ನೀರಿಗಲ್ಲ. ಹೆಣದ ಪೆಟ್ಟಿಗೆಗೆ ಯಾವನಾದ್ರೂ ರಾಳ ಹೊಡೀತಾನಾ?"

"ನಾವು ದೋಣಿ ಬಡಗಿಗಳು. ಹಲಗೆ ಜೋಡಿಸಿದ್ಮೇಲೆ ಕೈ ಸುಮ್ನಿರುತ್ತಾ? ನೆನಪಾಗೋ ಹೊತ್ತಿಗೆ ಬಳಿದಾಗಿತ್ತು. ಒಳಗೂ, ಹೊರಗೂ."

ಮೂಲೆಯಲ್ಲಿ ಕೂತಿದ್ದ ಹೆಂಡತಿ ಅಷ್ಟಕ್ಕೆ ತಲೆಯೆತ್ತಿದಳು.

"ಅಮ್ಮಾ, ನೀವೇನಾದ್ರೂ ಬೈಬಲಿನ ಒಂದು ಭಾಗ ಓದ್ತೀರಾ?" ಪಾದ್ರಿ ಕೇಳಿದರು.

"ಅಕ್ಕ ಓದಲ್ಲ ಬಿಡಿ," ಎಂದ ತಮ್ಮ. "ಆ ಮನುಷ್ಯನಿಗೆ ಅವಳು ಓದಿ ಎಷ್ಟು ಕಾಲ ಆಯ್ತೋ."

*

ಸಣ್ಣ ಅಕ್ಷರ ಗಂಡನ ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಸಂಜೆ ದೋಣಿ ಕೆಲಸ ಮುಗಿಸಿ, ಕೈ ತೊಳೆದು ಬಂದು ಎರಡು ಕುರ್ಚಿ ಕಿಟಕಿಗೆ ಎಳೆಯುವನು; ಅವಳು ಬೈಬಲ್ ಓದುವಳು. ನೋಹನ ನಾವೆಗೆ ಒಳಗೂ ಹೊರಗೂ ರಾಳ ಬಳಿಯುವ ಮಾತು ಬಂದಾಗಲೆಲ್ಲ, "ಕೆಲಸ ಗೊತ್ತಿದ್ದವನೇ ಬರೆದಿದ್ದು ಕಣೇ," ಎನ್ನುವನು.

ಒಮ್ಮೆ ಎಲ್ಲಿಂದಲೋ ಒಂದು ಹಳೆಯ ಪುಸ್ತಕ ತಂದ. ಅದನ್ನೂ ಅವಳೇ ಓದಿದಳು. ಬೈಬಲಿಗಿಂತ ಎಷ್ಟೋ ಹಿಂದೆ, ಬೇರೆ ದೇವರುಗಳ ನಾಡಿನಲ್ಲಿ, ಜೇಡಿಮಣ್ಣಿನ ಹಲಗೆಯ ಮೇಲೆ ಕೊರೆದಿಟ್ಟ ಪ್ರಳಯ. ಅದೇ ದೋಣಿ, ಅದೇ ರಾಳ, ಅದೇ ಪಾರಿವಾಳ, ಅದೇ ಕಾಗೆ. ಒಂದು ಅಂಬರಗುಬ್ಬಿ ಮಾತ್ರ ಹೆಚ್ಚಿಗೆ.

"ನಮ್ಮ ಷೆಡ್ಡಿನ ಸೂರಲ್ಲಿ ಗೂಡು ಕಟ್ಟುತ್ತಲ್ಲ, ಅದೇ ಹಕ್ಕಿ," ಅವನು ಹಿಗ್ಗಿದ. "ನಮ್ಮ ಬೈಬಲಿನ ಜನ ಸೆರೆಯಾಗಿ ಆ ನಾಡಿಗೇ ಹೋಗಿದ್ರಂತೆ. ಅಲ್ಲೇ ಕೇಳಿರ್ತಾರೆ. ಅಲ್ಲಿನ ದೇವರುಗಳು, ಜನರ ಗದ್ದಲಕ್ಕೆ ನಿದ್ದೆ ಬರ್ಲಿಲ್ಲ ಅಂತ ಮುಳುಗಿಸಿಬಿಟ್ರು. ನಮ್ಮವರು, ಮುಳುಗಿಸೋಕೂ ಒಂದು ನ್ಯಾಯ ಬೇಕು ಅಂತ ಕತೇನೇ ತಿರುಗಿಸಿದ್ರು. ಊರು ಕಳ್ಕೊಂಡವರಲ್ವಾ."

"ಹಾಗಾದ್ರೆ ಬೈಬಲೂ ಕತೆ."

"ಕತೆ ಅಂದ್ರೆ ಸುಳ್ಳು ಅಂತಲ್ಲ ಕಣೇ..."

"ನನ್ನ ಮಗು ಎಲ್ಲಿದೆ ಅಂತ ಬರೆದಿರೋದೂ ಇದೇ ಪುಸ್ತಕದಲ್ಲಿ."

ಜ್ವರದಲ್ಲಿ ಹೋದ ಒಂದೇ ಮಗು. ಅವಳು ಪುಸ್ತಕ ಮುಚ್ಚಿ ಎದ್ದಳು.

ಆಮೇಲೆ ಅವನಿಗಾಗಿ ಓದಲಿಲ್ಲ. ಓದಿಕೊಡಿ ಎಂದು ಅವನು ಬೇರೆ ಯಾರನ್ನೂ ಕೇಳಲೂ ಇಲ್ಲ. ಸಂಜೆ ಕೈ ತೊಳೆದು ಎರಡೂ ಕುರ್ಚಿ ಎಳೆಯುವುದನ್ನು ಮಾತ್ರ ಬಿಡಲಿಲ್ಲ. ಹಟ ಅವಳದೇ, ಆದರೂ ಅಡುಗೆಮನೆಯಲ್ಲಿ ಆ ಕುರ್ಚಿಗಳ ಸದ್ದಿಗೆ ಕಿವಿ ಕೊಟ್ಟು ನಿಂತಿರುತ್ತಿದ್ದಳು.

*

"ಕೊಡಿ," ಎಂದಳು.

ಪಾದ್ರಿ ಆ ಮನೆಯ ಬೈಬಲನ್ನೇ ತೆಗೆದು, ಸಮಾಧಿಯ ಹೊತ್ತಿನ ಪುಟ ಹುಡುಕಿ ಕೊಟ್ಟರು. ಅವಳು ಹಿಂದಕ್ಕೆ, ಮೊದಲ ಪುಟಗಳವರೆಗೆ ತಿರುವಿದಳು.

"ಅಕ್ಕಾ, ಸಾವಿನ ಮನೇಲಿ ಯಾರಾದ್ರೂ ಪ್ರಳಯ ಓದ್ತಾರಾ?"

"ರಾಳ ಹೊಡೆದಾಗಿದೆಯಲ್ಲೋ. ಇನ್ನೇನು ಭಯ?"

ಮೇಸ್ತ್ರಿ ತಲೆ ತಗ್ಗಿಸಿ ನಗು ನುಂಗಿದ.

ಅವಳು ಕಿಟಕಿಯ ಬಳಿಯ ಕುರ್ಚಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ಎಳೆದು ಕೂತಳು. ನೋಹನ ಭಾಗವನ್ನು ಓದತೊಡಗಿದಳು. ಪಾದ್ರಿ ತಮ್ಮದೇ ಪ್ರತಿಯಲ್ಲಿ ಬೆರಳಿಟ್ಟು ಜೊತೆಗೇ ಸಾಗಿದರು. ನೀರು ಏರಿತು, ನಿಂತಿತು. ಕಾಗೆ ಹೋಯಿತು. ಪಾರಿವಾಳ ಹೋಗಿ ಮರಳಿತು.

ಅವಳು ಪುಟದಿಂದ ಕಣ್ಣೆತ್ತಿದಳು. ಪೆಟ್ಟಿಗೆಯ ಕಡೆ ಬಾಗಿ, ಓದುವ ದನಿಯಲ್ಲೇ ಮುಂದುವರಿಸಿದಳು:

"ಆಮೇಲೆ ಅವನು ಒಂದು ಅಂಬರಗುಬ್ಬಿಯನ್ನು ಬಿಟ್ಟನು. ಕೂರಲು ಎಲ್ಲೂ ಜಾಗ ಕಾಣದೆ ಅದು ಅವನ ಬಳಿಗೇ ಮರಳಿ ಬಂತು."

ಪಾದ್ರಿಯ ಬೆರಳು ಸಾಲಿನಿಂದ ಸಾಲಿಗೆ ಹುಡುಕುತ್ತಲೇ ಇತ್ತು.